ಪಾಠ ಸುಮಾರು, ಮೇಷ್ಟ್ರುಗಳು ಚಿನ್ನ: ಜಪಾನಿನ ಹಳ್ಳಿಯೂರಿನ ಉಚಿತ ಇಂಗ್ಲಿಷ್ ಕ್ಲಾಸು

ಜಪಾನಿನ ಸಣ್ಣ ಊರಲ್ಲಿ ಮನೆ ಮಾಡಿದವರಿಗೆ ಒಂದಲ್ಲ ಒಂದು ದಿನ ಅಂಚೆಡಬ್ಬಿಯಲ್ಲಿ ಆ ಚೀಟಿ ಸಿಕ್ಕೇ ಸಿಗುತ್ತದೆ. ಇಂಗ್ಲಿಷ್ ಮಾತಾಡಲು ಕಲಿಯಿರಿ, ಫೀಸು ಇಲ್ಲ, ಅಮೆರಿಕದ ಶಿಕ್ಷಕರು ಅಂತ. ಕೆಳಗೆ ಚರ್ಚಿನ ಹೆಸರು. ಹೋಗಬಹುದಾ, ಹೋದರೆ ಮತ ಬದಲಾಯಿಸಿ ಅಂತ ಗಂಟು ಬೀಳುತ್ತಾರಾ, ಪಾಠ ಏನಾದರೂ ತಲೆಗೆ ಹತ್ತುತ್ತದಾ? ಹೊಸದಾಗಿ ಬಂದ ನಮ್ಮ ಕನ್ನಡದ ಹುಡುಗಿಯರು ಫೋನಿನಲ್ಲಿ ಇದನ್ನೇ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದು ಹಾಕುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು. ಅಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಮನೆಯವರ ಫ್ಯಾಕ್ಟರಿ ಕೆಲಸದ ದೆಸೆಯಿಂದ ಈಗ ನೀಗಾತ ಪ್ರಾಂತ್ಯದ ಒಂದು ಊರಿನಲ್ಲಿದ್ದೇವೆ. ಸುತ್ತ ಭತ್ತದ ಗದ್ದೆ, ಆಚೆ ಬೆಟ್ಟ, ಚಳಿಗಾಲ ಬಂದರೆ ಎಲ್ಲ ಹಿಮದಡಿ. ಇಂಗ್ಲಿಷ್ ಕ್ಲಾಸು ಬೇಕಾಗಿದ್ದು ನನಗಲ್ಲ, ಪಕ್ಕದ ಮನೆ ಅಜ್ಜಿಗೆ. ಅವರ ಮೊಮ್ಮಗಳು ಕೆನಡಾದಲ್ಲಿ ಮದುವೆಯಾಗಿದ್ದಾಳೆ. ಮರಿಮಗನಿಗೆ ಜಪಾನಿ ಭಾಷೆ ಬರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕೈ ಬೀಸುತ್ತಾರೆ, ಆ ಕೂಸೂ ಕೈ ಬೀಸುತ್ತದೆ. ಅಷ್ಟಕ್ಕೇ ಮುಗಿಯುತ್ತದೆ. ಮುಂಚೆ ಅವರು ಪಕ್ಕದ ಪಟ್ಟಣದಲ್ಲಿ ದುಡ್ಡು ತೆಗೆದುಕೊಂಡು ಕಲಿಸುವ ಒಂದು ಶಾಲೆಗೆ ಸೇರಿದ್ದರಂತೆ. ಅರ್ಧ ವರ್ಷದ ಫೀಸು ಮುಂಗಡ, ಪುಸ್ತಕಕ್ಕೆ ಬೇರೆ ದುಡ್ಡು. ಕಲಿಸುವ ಹುಡುಗಿ ಮಧ್ಯದಲ್ಲೇ ಬಿಟ್ಟು ಹೋದಳು. ಬದಲಿಗೆ ಟಿವಿ ಹಾಕಿ ಕೂರಿಸಿದರು. ಆ ಸಿಟ್ಟು ಅಜ್ಜಿಗೆ ಇನ್ನೂ ಇಳಿದಿಲ್ಲ. ಫೀಸು ಇಲ್ಲ ಎಂಬ ಚೀಟಿ ಅವರ ಕೈಗೆ ಸಿಕ್ಕಾಗ, "ನೀನು ಟೀಚರ್ ಅಲ್ವಾ, ಬಾ, ನೋಡಿ ಹೇಳು" ಅಂತ ನನ್ನನ್ನು ಎಳೆದುಕೊಂಡು ಹೋದರು.

ಕ್ಲಾಸು ಬುಧವಾರ ಸಂಜೆ 7 ಗಂಟೆಗೆ. ಚರ್ಚು ಅಂದ ತಕ್ಷಣ ಮಂಗಳೂರು, ಮೈಸೂರಿನ ಚರ್ಚುಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಟೈರ್ ಅಂಗಡಿ ದಾಟಿದ ಮೇಲೆ ಸಿಗುವ ಸಾದಾ ಕಟ್ಟಡ. ಗಂಟೆ ಇಲ್ಲ, ಶಿಲುಬೆ ಕೂಡ ಇಲ್ಲ. ಈ ಪಂಗಡದವರು ಶಿಲುಬೆ ಇಡುವ ಪದ್ಧತಿ ಇಟ್ಟುಕೊಂಡಿಲ್ಲ. ಒಳಗೆ ಮಡಚುವ ಮೇಜು, ಒಂದು ವೈಟ್‌ಬೋರ್ಡು, ಸೀಮೆಎಣ್ಣೆ ಹೀಟರ್. ಬರುವವರು ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು, ನರ್ಸಿಂಗ್ ಓದುವ ಹುಡುಗಿ, ಭತ್ತ ಬೆಳೆಯುವ ರೈತ, ಅಜ್ಜಿ, ನಾನು. ಒಮ್ಮೊಮ್ಮೆ ಶಾಲೆ ಮಕ್ಕಳು ಬಂದು ಗಲಾಟೆ ಮಾಡಿ ಹೋಗುತ್ತಾರೆ.

ಕಲಿಸುವವರು ಇಬ್ಬರು ಹುಡುಗರು. ಬಿಳಿ ಅಂಗಿ, ಟೈ, ಜೇಬಿನ ಮೇಲೆ ಕಪ್ಪು ಹೆಸರಿನ ಪಟ್ಟಿ. ಜನ ಮಾರ್ಮನ್ ಅಂತ ಕರೆಯುತ್ತಾರಲ್ಲ, ಆ ಚರ್ಚಿನ ಮಿಷನರಿಗಳು. ಮುಖ್ಯ ಕಚೇರಿ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಹುಡುಗರಿಗೆ 18 ತುಂಬಿದರೆ ಹೊರಡಬಹುದು, 24 ತಿಂಗಳ ಸೇವೆ. ಹುಡುಗಿಯರೂ ಬರುತ್ತಾರೆ, ಅವರಿಗೆ 18 ತಿಂಗಳು. ಜಗತ್ತಿನ ತುಂಬಾ 70 ಸಾವಿರಕ್ಕೂ ಹೆಚ್ಚು ಜನ ಹೀಗೆ ಓಡಾಡುತ್ತಿದ್ದಾರೆ. ಯಾವ ದೇಶ, ಯಾವ ಊರು ಅಂತ ಆರಿಸಿಕೊಳ್ಳುವ ಹಾಗಿಲ್ಲ. ಕಳಿಸಿದ ಕಡೆ ಹೋಗಬೇಕು. ಸಂಬಳವೂ ಇಲ್ಲ. ಅಮೆರಿಕದ ಹುಡುಗರ ಮನೆಯವರು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು, 2020ರ ಜುಲೈಯಿಂದ ಅದು 500 ಆಗಿದೆ. ಹಾಗಾಗಿ ನಮಗೆ ಪುಕ್ಕಟೆಯಾದ ಈ ಪಾಠಕ್ಕೆ ಎಲ್ಲೋ ಒಬ್ಬ ಅಪ್ಪ ದುಡ್ಡು ಕಟ್ಟುತ್ತಿರುತ್ತಾನೆ.

ನಾನು ಹೆಚ್ಚು ದಿನ ನೋಡಿದ ಜೋಡಿಯಲ್ಲಿ ಒಬ್ಬ ಅಮೆರಿಕದ ಐಡಾಹೋ ರಾಜ್ಯದವನು, ಆಲೂಗಡ್ಡೆ ಬೆಳೆಯುವ ಮನೆಯ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಇನ್ನೊಬ್ಬ ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದವನು. ಜಪಾನಿಯೇ ಆದರೂ ಹುಟ್ಟಿದಾಗಿನಿಂದ ಇಷ್ಟು ಹಿಮ ನೋಡಿದವನಲ್ಲ. ಇಬ್ಬರಲ್ಲಿ ಈ ಊರಿಗೆ ಯಾರು ಜಾಸ್ತಿ ಪರದೇಶಿ ಅಂತ ಹೇಳುವುದು ಕಷ್ಟವಿತ್ತು.

ಪಾಠದ ವಿಷಯಕ್ಕೆ ಬರುತ್ತೇನೆ. ಪಠ್ಯಪುಸ್ತಕ ಅಂತ ಕಟ್ಟುನಿಟ್ಟಾಗಿ ಏನೂ ಇಲ್ಲ. ಒಂದು ಹಾಳೆಯ ಜೆರಾಕ್ಸ್ ಕೊಡುತ್ತಾರೆ. ಅವತ್ತಿನ ವಿಷಯ ಅಡುಗೆಯೋ, ಆಸ್ಪತ್ರೆಯೋ, ಹವಾಮಾನವೋ. ಹತ್ತು ನಿಮಿಷ ಶಬ್ದ, ಆಮೇಲೆ ಜೋಡಿ ಜೋಡಿಯಾಗಿ ಮಾತು. ಒಂದು ದಿನ ಹಿಂದಿನ ದಿನ ಏನು ಮಾಡಿದಿರಿ ಅಂತ ಹೇಳಬೇಕಿತ್ತು. ಅಜ್ಜಿ ಎದ್ದು ನಿಂತು, ಎರಡೂ ಕೈಯಲ್ಲಿ ಏನನ್ನೋ ಕಿತ್ತ ಹಾಗೆ ಮಾಡಿ, "ಐ ಎಸ್ಟರ್‌ಡೇ ಮೂಲಂಗಿ ಪುಲ್ಡ್" ಅಂದರು. ಮೂಲಂಗಿಗೆ ಮಾತ್ರ ಅವರ ಜಪಾನಿ ಶಬ್ದ, ಡೈಕಾನ್. ಐಡಾಹೋದ ಹುಡುಗ ನಗಲಿಲ್ಲ. ತಾನೂ ಬಗ್ಗಿ ನೆಲದಿಂದ ಏನನ್ನೋ ಕಿತ್ತ. "ಐ ಪುಲ್ಡ್" ಅಂತ ನಿಲ್ಲಿಸಿ ಕೈ ಚಾಚಿದ. ಅಜ್ಜಿ "ಡೈಕಾನ್" ಅಂದರು. ಅವನು ಇನ್ನೊಂದು ಕಿತ್ತ. ಮತ್ತೆ ಹಾಗೇ. ರೈತ ಎದ್ದು ಬಂದು ತಾನೂ ಕಿತ್ತ. ಕೊನೆಗೆ ಕೋಣೆಯಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ಮೂಲಂಗಿ ಕೀಳುತ್ತಿದ್ದೆವು. ಅಜ್ಜಿ ಆ ವಾಕ್ಯವನ್ನು ಇವತ್ತಿಗೂ ತಪ್ಪಿಲ್ಲದೆ ಹೇಳುತ್ತಾರೆ.

ಇದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅವರು ಇಂಗ್ಲಿಷ್ ಕಲಿಸುವ ತರಬೇತಿ ಪಡೆದ ಮೇಷ್ಟ್ರುಗಳಲ್ಲ, ಹೈಸ್ಕೂಲು ಮುಗಿಸಿ ಬಂದವರು. ಹಾಗಾಗಿ ವ್ಯಾಕರಣ ಕೇಳಿದರೆ ಕಷ್ಟ. ಇಲ್ಲಿ 'ದಿ' ಯಾಕೆ, ಅಲ್ಲಿ 'ಎ' ಯಾಕೆ ಅಂತ ಅಂಚೆ ಕಚೇರಿಯವರು ಕೇಳಿದರೆ ಹುಡುಗ ತಲೆ ಕೆರೆದುಕೊಂಡು, ಕೇಳೋಕೆ ಹಾಗೇ ಸರಿ ಅನಿಸುತ್ತದೆ ಅನ್ನುತ್ತಾನೆ. ಅಂಥ ಕಡೆ ನಾನು ಬಾಯಿ ಹಾಕುತ್ತಿದ್ದೆ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಅಜ್ಜಿ ಮಾಡುವ ತಪ್ಪು, ನನ್ನ ಎಂಟನೇ ಕ್ಲಾಸಿನ ಮಕ್ಕಳು ಮಾಡುತ್ತಿದ್ದ ತಪ್ಪು ಎರಡೂ ಒಂದೇ. ಎಲ್ಲಿ ಎಡವುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ಕೊನೆಕೊನೆಗೆ ಹುಡುಗರು ವ್ಯಾಕರಣದ ಪ್ರಶ್ನೆ ಬಂದರೆ "ಸೆನ್ಸೇ", ಅಂದರೆ ಟೀಚರ್, ಅಂತ ನನ್ನ ಕಡೆ ತಿರುಗಿಬಿಡುತ್ತಿದ್ದರು. ನನಗೂ ಬೋರ್ಡಿನ ಮುಂದೆ ನಿಂತು ಎಷ್ಟೋ ಕಾಲವಾಗಿತ್ತು, ಸಂತೋಷವೇ ಆಯಿತು.

ಉಚ್ಚಾರಣೆ, ಕೇಳಿ ಅರ್ಥ ಮಾಡಿಕೊಳ್ಳುವುದು, ಹೆದರಿಕೆ ಬಿಡಿಸುವುದು, ಈ ಮೂರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುವವರು ಮಾತ್ರ ಇದನ್ನೇ ನಂಬಿ ಕೂರಬೇಡಿ. ಅದಕ್ಕೆ ಪುಸ್ತಕ ಹಿಡಿದೇ ಓದಬೇಕು.

ನನಗೆ ಪಾಠಕ್ಕಿಂತ ಆ ಹುಡುಗರ ದಿನಚರಿಯೇ ಜಾಸ್ತಿ ಕುತೂಹಲ ಹುಟ್ಟಿಸಿತು. ಹತ್ತೊಂಬತ್ತರ ಹುಡುಗರನ್ನು ನಾನು ಸಾಕಷ್ಟು ನೋಡಿದ್ದೇನೆ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೈಕಿನ ಮೇಲೆ ಕೂತು ಫೋನ್ ನೋಡುತ್ತಾ ಇರುವ ವಯಸ್ಸು ಅದು. ಇವರು ಬೆಳಿಗ್ಗೆ 6:30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ. ತಿಂಡಿ ಆದ ಮೇಲೆ ಧರ್ಮಗ್ರಂಥದ ಓದು, ಸ್ವಲ್ಪ ಹೊತ್ತು ಒಬ್ಬೊಬ್ಬರೇ, ಸ್ವಲ್ಪ ಹೊತ್ತು ಇಬ್ಬರೂ ಸೇರಿ. ಭಾಷೆಯ ಅಭ್ಯಾಸ ಬೇರೆ. ಆಮೇಲೆ ಸೈಕಲ್ ಹತ್ತಿದರೆ ವಾಪಸ್ಸು ರೂಮು ಸೇರುವುದು ರಾತ್ರಿ 9ರ ಹೊತ್ತಿಗೆ. 10:30ಕ್ಕೆ ದೀಪ ಆರಬೇಕು. ಸಿನಿಮಾ ಇಲ್ಲ, ಮೊಬೈಲ್ ಗೇಮ್ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ. ಇಬ್ಬರೂ ಸದಾ ಒಬ್ಬರ ಕಣ್ಣಿಗೆ ಒಬ್ಬರು ಬೀಳುವಷ್ಟು ಹತ್ತಿರ ಇರಬೇಕು. ಜಗಳವಾದರೂ ಅಷ್ಟೇ, ಎದ್ದು ಆಚೆ ಹೋಗಿ ಕೂರುವ ಹಾಗಿಲ್ಲ. ಸ್ನೇಹಿತರು ಅಂತ ಸೇರಿದವರೂ ಅಲ್ಲ ಇವರು. ಯಾರ ಜೊತೆ ಯಾರು ಅನ್ನುವುದೂ ಮೇಲಿನಿಂದಲೇ ಬರುತ್ತದೆ.

ಅವರ ರೂಮಿಗೆ ಹೆಂಗಸರು ಹೋಗುವಂತಿಲ್ಲ. ಹೀಟರ್ ಕೆಟ್ಟಾಗ ನಮ್ಮ ಮನೆಯವರು ಹೋಗಿ ನೋಡಿ ಬಂದರು. ಗೋಡೆಗೆ ಮುಖ ಮಾಡಿದ ಎರಡು ಮೇಜು, ಮಡಚಿಟ್ಟ ಎರಡು ಹಾಸಿಗೆ, ಹಗ್ಗದ ಮೇಲೆ ಬಿಳಿ ಅಂಗಿಗಳ ಸಾಲು. ಗೋಡೆಯ ಮೇಲೆ ಊರಿನ ನಕ್ಷೆ, ಅದರ ತುಂಬಾ ಬಣ್ಣದ ಗುಂಡುಪಿನ್ನು. ಅಡುಗೆ ಮೂಲೆಯಲ್ಲಿ ರೈತ ಕೊಟ್ಟಿದ್ದ 30 ಕೆಜಿಯ ಅಕ್ಕಿ ಚೀಲ. ನೀಗಾತದ ಕೊಶಿಹಿಕಾರಿ ಅಕ್ಕಿ ಅಂದರೆ ಜಪಾನಿನಲ್ಲೆಲ್ಲ ಹೆಸರು. ಈ ಹುಡುಗರು ಅದರ ಮೇಲೆ ಮೊಟ್ಟೆ ಒಡೆದು ಹಾಕಿಕೊಂಡು ಮೂರು ಹೊತ್ತೂ ಅದನ್ನೇ ತಿನ್ನುತ್ತಾರಂತೆ. ಬೇಕರಿಯಲ್ಲಿ ಬ್ರೆಡ್ಡಿನ ಅಂಚು ಕತ್ತರಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಅದೂ ಒಂದು ಚೀಲ ಇತ್ತಂತೆ. "ನಮ್ಮ ಹಾಸ್ಟೆಲ್ಲೇ ವಾಸಿ ಕಣೇ" ಅಂದರು ನಮ್ಮ ಮನೆಯವರು. ಅವತ್ತು ರಾತ್ರಿ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಸಿಕೊಂಡು ಮತ್ತೆ ಹೋದರು.

ಈ ಊರಲ್ಲಿ ಹೆಲ್ಮೆಟ್ ಹಾಕಿ ಸೈಕಲ್ ತುಳಿಯುವವರು ಶಾಲೆ ಮಕ್ಕಳು ಬಿಟ್ಟರೆ ಇವರೇ. ಸಿಗ್ನಲ್ಲಿನಲ್ಲಿ ನಿಂತಾಗ ಐಡಾಹೋದ ಹುಡುಗ ಜೇಬಿನಿಂದ ಸಣ್ಣ ಚೀಟಿಗಳ ಕಟ್ಟು ತೆಗೆದು ಕಾಂಜಿ, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಅಕ್ಷರ, ಬಾಯಿಪಾಠ ಮಾಡುವುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಹೊರಡುವ ಮುಂಚೆ ಎರಡು ತಿಂಗಳ ಆಸುಪಾಸು ತರಬೇತಿ ಇರುತ್ತದಂತೆ. ಆಮೇಲೆಲ್ಲ ಬೀದಿಯೇ ಶಾಲೆ. ಅವನ ಜಪಾನಿ ಸಿಕ್ಕಾಪಟ್ಟೆ ಮರ್ಯಾದೆಯದು. ಅಜ್ಜಿಯ ಬೆಕ್ಕನ್ನೂ ಬಹುವಚನದ ಧಾಟಿಯಲ್ಲೇ ಮಾತಾಡಿಸುತ್ತಿದ್ದ.

ಚಳಿಗಾಲದಲ್ಲಿ ಸೈಕಲ್ ಮೂಲೆಗೆ. ಈ ಕಡೆ ರಸ್ತೆ ಮಧ್ಯೆ ಕೊಳವೆ ಹೂತಿರುತ್ತಾರೆ. ಅದರಿಂದ ಅಂತರ್ಜಲ ಚಿಮ್ಮಿ ಹಿಮ ಕರಗುತ್ತದೆ. 1960ರ ದಶಕದ ಆರಂಭದಲ್ಲಿ ನಾಗಾಓಕಾ ಊರಿನಲ್ಲಿ ಶುರುವಾದ ಉಪಾಯ ಇದು. ನೀರಿನಲ್ಲಿರುವ ಕಬ್ಬಿಣದಿಂದ ರಸ್ತೆಗಳೆಲ್ಲ ತುಕ್ಕಿನ ಕೆಂಪು. ವಾಹನಕ್ಕೆ ಅನುಕೂಲ, ನಡೆಯುವವರಿಗೆ ಮೊಣಕಾಲವರೆಗೂ ಸ್ನಾನ. ಈ ಹುಡುಗರು ಅಂಥದರಲ್ಲಿ ಮನೆ ಮನೆ ಸುತ್ತುತ್ತಾರೆ. ಹೆಚ್ಚಿನ ಬಾಗಿಲು ತೆರೆಯುವುದೇ ಇಲ್ಲ. ತೆರೆದವರೂ ಬಗ್ಗಿ ನಮಸ್ಕರಿಸಿ, ಬೇಡ ಅಂತ ನಯವಾಗಿ ಮುಚ್ಚುತ್ತಾರೆ. ಮುದುಕರ ಮನೆ ಮುಂದೆ ಹಿಮ ಬಿದ್ದಿದ್ದರೆ ಸಲಿಕೆ ಇಸಿದುಕೊಂಡು ದಾರಿ ಮಾಡಿಕೊಡುತ್ತಾರೆ. ಆ ಹೊತ್ತಿಗೆ ಮಾತ್ರ ಇವರಿಗೆ ಇಡೀ ಬೀದಿಯಲ್ಲಿ ಬೇಡಿಕೆ.

ಅಂಥ ಒಂದು ಮಧ್ಯಾಹ್ನ ನಮ್ಮ ಮನೆ ಬೆಲ್ ಮಾಡಿದರು. ಮುಂದಿನ ವಾರದ ಹಾಳೆ ಕೊಡಲು ಬಂದಿದ್ದು. ಇಬ್ಬರ ಶೂ ನೆನೆದು ಒಳಗೆ ಪಚಪಚ ಅನ್ನುತ್ತಿತ್ತು. ಒಳಗೆ ಬನ್ನಿ, ಬೆಚ್ಚಗೆ ಕೂತು ಹೋಗಿ ಅಂದೆ. ಸಾರ್ ಇದ್ದಾರಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ಬರುವಂತಿಲ್ಲ, ಹೆಂಗಸರು ಒಬ್ಬರೇ ಇರುವ ಮನೆಗೆ ಕಾಲಿಡಬಾರದು ಅಂತ ನಿಯಮ ಅಂದರು. ಸರಿ, ಹೊಸ್ತಿಲಿಗೇ ಏನಾದರೂ ತಂದುಕೊಡೋಣ ಅಂತ ಫಿಲ್ಟರ್ ಕಾಫಿ ಬೆರೆಸಿ ತಂದೆ. ಊರಿನಿಂದ ತಂದ ಪುಡಿ, ಚಿಕೋರಿ ಹಾಕಿದ್ದು. ಐಡಾಹೋದವನು ಲೋಟ ಹಿಡಿದು, ಮೂಸಿ, ಕಣ್ಣು ಮುಚ್ಚಿದ. ಆಮೇಲೆ ಎರಡೂ ಕೈಯಲ್ಲಿ ಲೋಟ ವಾಪಸ್ಸು ಕೊಟ್ಟ. ಅವರಲ್ಲಿ ಕಾಫಿ ಇಲ್ಲ, ಟೀ ಇಲ್ಲ, ಜಪಾನಿನ ಹಸಿರು ಟೀ ಕೂಡ ಇಲ್ಲ. ಮದ್ಯ, ತಂಬಾಕಿನ ಮಾತಂತೂ ಬಿಡಿ. ಯಾರ ಮನೆಗೆ ಹೋದರೂ ಮೊದಲು ಟೀ ಇಡುವ ದೇಶದಲ್ಲಿ ಇದೆಂಥ ಫಜೀತಿ ಅಂತ ಯೋಚಿಸಿ. ಇಲ್ಲಿ ಹುರಿದ ಬಾರ್ಲಿಯ ಮುಗಿಚಾ ಅಂತ ಸಿಗುತ್ತದೆ, ಅದು ಆಗುತ್ತದಂತೆ. ನಾನು ರಾಗಿ ಮಾಲ್ಟ್ ಮಾಡಿ ತಂದೆ. ಹೊಸ್ತಿಲಾಚೆ ನಿಂತೇ ಕುಡಿದರು. ಓಕಿನಾವಾದವನು ಎರಡನೇ ಲೋಟ ಕೇಳಿದ.

ನನಗೇನೂ ಇದು ವಿಚಿತ್ರ ಅನಿಸಲಿಲ್ಲ. ನಾನೂ ಇಲ್ಲಿ ಹೋಟೆಲಿಗೆ ಹೋದರೆ ಮೊದಲು ಕೇಳುವುದು, ಇದರಲ್ಲಿ ಮೀನಿನ ದಾಶಿ ಇದೆಯಾ ಅಂತ. ತರಕಾರಿ ಸೂಪು ಅಂದರೂ ಒಳಗೆ ಮೀನಿನ ಸಾರು ಇರುತ್ತದೆ. ಬೇಡ ಅನ್ನುವುದನ್ನು ನಗುತ್ತಾ ಹೇಳಲು ಕಲಿತವರು ಈ ಊರಲ್ಲಿ ಮೂರೇ ಜನ ಅಂತ ಮನೆಯವರು ತಮಾಷೆ ಮಾಡುತ್ತಾರೆ.

ಇನ್ನು ಮತದ ವಿಷಯ. ಎಲ್ಲರೂ ಕೇಳುವುದು ಇದನ್ನೇ ಅಲ್ವಾ? ಮುಚ್ಚುಮರೆ ಏನಿಲ್ಲ. ಕ್ಲಾಸಿನ ಮೊದಲ ದಿನವೇ, ನಾವು ಬಂದಿರುವುದು ನಮ್ಮ ಧರ್ಮದ ವಿಷಯ ಹೇಳಲು, ಕೇಳುವ ಮನಸ್ಸಿಲ್ಲದಿದ್ದರೂ ಇಂಗ್ಲಿಷ್ ಕಲಿಯಬಹುದು ಅಂದರು. ಪಾಠ ಮುಗಿದ ಮೇಲೆ ಕಾಲು ಗಂಟೆ ಅವರ ಗ್ರಂಥ 'ಬುಕ್ ಆಫ್ ಮಾರ್ಮನ್'ನ ಮಾತು. ಇರುವವರು ಇರಬಹುದು, ಹೋಗುವವರು ಹೋಗಬಹುದು. ಅಜ್ಜಿ ಕೂರುತ್ತಾರೆ. ಹೊಸವರ್ಷಕ್ಕೆ ಶಿಂತೋ ಗುಡಿಗೆ, ತಿಥಿಗೆ ಬೌದ್ಧರ ಗುಡಿಗೆ ಹೋಗುವ ಅವರಿಗೆ ಇನ್ನೊಂದು ಕಡೆ ಕೂರುವುದು ಭಾರವೇನಲ್ಲ. ಹುಡುಗ ಇದನ್ನು ಅರ್ಥ ಮಾಡಿಕೊಳ್ಳಲು ಬಹಳ ಒದ್ದಾಡಿದ. ನನ್ನನ್ನೂ ಒಮ್ಮೆ ಕೇಳಿದ, ಪುಸ್ತಕ ಓದುತ್ತೀರಾ ಅಂತ. ಬೇಡಪ್ಪ, ನಮಗೆ ಮನೆದೇವರಿದ್ದಾನೆ, ಜೇನುಕಲ್ಲು ಸಿದ್ದೇಶ್ವರ, ಬೆಟ್ಟ ಹತ್ತಿ ಹೋಗಬೇಕು ಅಂದೆ. ಬೆಟ್ಟ ಎಷ್ಟು ಎತ್ತರ, ಯಾರು ಯಾರು ಹತ್ತುತ್ತಾರೆ ಅಂತ ವಿಚಾರಿಸಿದ. ಪುಸ್ತಕದ ಮಾತು ಮತ್ತೆ ಎತ್ತಲಿಲ್ಲ. ಪಾಠದಲ್ಲಿ ನನ್ನ ಕಡೆ ಗಮನ ಕಡಿಮೆಯೂ ಆಗಲಿಲ್ಲ.

ಟೋಕಿಯೋದಲ್ಲಿರುವ ಅಜ್ಜಿಯ ಮಗನಿಗೆ ಮಾತ್ರ ಗಾಬರಿ. ಅದಕ್ಕೆ ಕಾರಣವೂ ಇದೆ. 2022ರಲ್ಲಿ ಮಾಜಿ ಪ್ರಧಾನಿ ಶಿಂಜೋ ಆಬೆ ಅವರ ಕೊಲೆಯಾಯಿತು. ಕೊಂದವನ ತಾಯಿ ಯೂನಿಫಿಕೇಷನ್ ಚರ್ಚಿಗೆ ದುಡ್ಡು ಸುರಿದಿದ್ದಳು ಅಂತ ಗೊತ್ತಾದ ಮೇಲೆ, ಭಕ್ತರಿಂದ ದುಡ್ಡು ಸುಲಿಯುತ್ತಿದ್ದ ಆರೋಪದಲ್ಲಿ ಆ ಚರ್ಚಿನ ಸುದ್ದಿ ದೇಶದ ತುಂಬಾ ಆಯಿತು. 2025ರ ಮಾರ್ಚಿನಲ್ಲಿ ಟೋಕಿಯೋದ ಕೋರ್ಟು ಅದನ್ನು ವಿಸರ್ಜಿಸಲು ಆದೇಶ ಕೊಟ್ಟಿತು. ಇವರಿಗೂ ಆ ಚರ್ಚಿಗೂ ಸಂಬಂಧ ಇಲ್ಲ. ಆದರೂ ಧರ್ಮ ಅಂತ ಬಾಗಿಲು ತಟ್ಟುವವರೆಲ್ಲ ಒಂದೇ ಅಂತ ಜನರಿಗೆ ಅನುಮಾನ. ಮಗ ಫೋನ್ ಮಾಡಿ, ದುಡ್ಡು ಕೇಳಿದರಾ ಅಂತ ಅಜ್ಜಿಯನ್ನು ಕೇಳಿದನಂತೆ. ಜೆರಾಕ್ಸಿನ ದುಡ್ಡು ಕೊಡಲು ಹೋದರೂ ತೆಗೆದುಕೊಳ್ಳಲಿಲ್ಲ ಅಂತ ಅಜ್ಜಿ ಜೋರು ಮಾಡಿದರು.

ಒಂದು ವಿಷಯ ಮೊದಲೇ ತಿಳಿದಿರಲಿ. ಆರು ವಾರಕ್ಕೊಮ್ಮೆ ಇವರ ವರ್ಗಾವಣೆ ಪಟ್ಟಿ ಬರುತ್ತದೆ. ಪ್ರತಿ ಸಲ ಎಲ್ಲರಿಗೂ ವರ್ಗವಾಗುವುದಿಲ್ಲ, ಆದರೆ ಆದವರು ಒಂದೆರಡು ದಿನದಲ್ಲೇ ಪೆಟ್ಟಿಗೆ ಕಟ್ಟುತ್ತಾರೆ. ಐಡಾಹೋದವನು ಹೋದಾಗ ಅಜ್ಜಿ ಎರಡು ವಾರ ಕ್ಲಾಸಿಗೆ ಬರಲಿಲ್ಲ. ಹೊಸಬ ಬಂದ, ಮತ್ತೆ ಮೊದಲಿಂದ ಹೆಸರು, ಊರು, ಇಷ್ಟದ ತಿಂಡಿ. ಒಂದೇ ಮೇಷ್ಟ್ರ ಹತ್ತಿರ ವರ್ಷಗಟ್ಟಲೆ ಕಲಿಯಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ.

ಹಿಂದಿನವರಿಗೆ ಈ ಅವಸರ ಇರಲಿಲ್ಲ. ಈ ಚರ್ಚಿನ ಮೊದಲ ಮಿಷನರಿಗಳು ಜಪಾನಿಗೆ ಬಂದದ್ದು 1901ರ ಆಗಸ್ಟಿನಲ್ಲಿ, ಯೊಕೊಹಾಮಾ ಬಂದರಿಗೆ. ನಾಲ್ವರಲ್ಲಿ ಆಲ್ಮಾ ಟೇಲರ್ ಎಂಬವನಿಗೆ ಇನ್ನೂ 19. ಜಪಾನಿ ಒಂದಕ್ಷರ ಬಾರದೆ ಬಂದವನು 1910ರವರೆಗೂ ಇದ್ದ. ಅವರ ಗ್ರಂಥವನ್ನು ಜಪಾನಿ ಭಾಷೆಗೆ ಅನುವಾದ ಮಾಡಿದವನು ಅವನೇ, ಅಚ್ಚಾದದ್ದು 1909ರಲ್ಲಿ. ನಮ್ಮ ಕಿಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಧಾರವಾಡದ ಕಡೆ ಬಂದಾಗ ಅವರಿಗೂ 21 ಅಷ್ಟೇ. 1894ರಲ್ಲಿ ನಿಘಂಟು ಬರುವ ಹೊತ್ತಿಗೆ ಮುದುಕರಾಗಿದ್ದರು. ಊರ ಜನರ ಮಾತನ್ನು ಅಷ್ಟು ವರ್ಷ ಕಿವಿಗೊಟ್ಟು ಕೇಳಿದ್ದಕ್ಕೇ ಆ ಪುಸ್ತಕ ಆದದ್ದು. ಈ ಹುಡುಗರಿಗೆ 24 ತಿಂಗಳು, ಅದರಲ್ಲೂ ನಾಲ್ಕೈದು ಊರು. ಈಗಷ್ಟೇ ಭಾಷೆ ನಾಲಿಗೆಗೆ ಹತ್ತಿತು ಅನ್ನುವಾಗ ವಿಮಾನ ಹತ್ತಿಸಿಬಿಡುತ್ತಾರೆ. ಇದು ನನಗೆ ದೊಡ್ಡ ನಷ್ಟ ಅನಿಸುತ್ತದೆ, ಅವರ ಚರ್ಚಿಗೆ ಹೇಗೋ ಗೊತ್ತಿಲ್ಲ.

ಯಾರು ಹೋಗಬಹುದು? ಕೆಲಸಕ್ಕೆ ಹೋಗದೆ ಮನೆಯಲ್ಲೇ ಇರುವ ನಮ್ಮ ಹೆಣ್ಣುಮಕ್ಕಳು ಖಂಡಿತ ಹೋಗಿ, ಇಂಗ್ಲಿಷ್ ಬಂದರೂ ಹೋಗಿ. ಸಣ್ಣ ಊರಿನಲ್ಲಿ ಜಪಾನಿ ಜನರ ಪಕ್ಕ ಕೂತು ತಪ್ಪುತಪ್ಪಾಗಿ ಮಾತಾಡಲು ಸಿಗುವ ಜಾಗ ಇಂಥದೊಂದೇ. ನನ್ನ ಜಪಾನಿ ಸುಧಾರಿಸಿದ್ದು ಈ ಇಂಗ್ಲಿಷ್ ಕ್ಲಾಸಿನಲ್ಲಿ. ಮಕ್ಕಳನ್ನು ಕಳಿಸುವುದಾದರೆ ಜೊತೆಗೆ ನೀವೂ ಇರಿ, ಮಾತು ಎಲ್ಲಿಗೆ ಹೋಗುತ್ತದೆ ಅಂತ ನೀವೇ ಕೇಳಿದ ಹಾಗಾಗುತ್ತದೆ. ಧರ್ಮದ ಮಾತು ಕಿವಿಗೆ ಬಿದ್ದರೇ ಆಗುವುದಿಲ್ಲ ಅನ್ನುವವರು ದುಡ್ಡು ಕೊಟ್ಟು ಬೇರೆ ಕಡೆ ಸೇರಿಕೊಳ್ಳಿ.

ಹಿಮ ಜಾಸ್ತಿ ಇದ್ದ ದಿನ ಕ್ಲಾಸು ಇದೆಯೋ ಇಲ್ಲವೋ ಅಂತ ಇಲ್ಲಿಯ ವಾಟ್ಸಾಪಿನಂಥ ಲೈನ್ ಆ್ಯಪಿನಲ್ಲಿ ಸಂಜೆ 5ರ ಹೊತ್ತಿಗೆ ತಿಳಿಸುತ್ತಾರೆ. ತಿಂಡಿ ಕೊಡುವುದಾದರೆ ಅನ್ನದ ಐಟಂ ಕೊಡಿ, ಖಾರ ಕಡಿಮೆ ಇರಲಿ. ಸೋಮವಾರ ಮಾತ್ರ ಫೋನ್ ಮಾಡಬೇಡಿ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಅಮ್ಮನ ಜೊತೆ ಮಾತಾಡುವುದು ಎಲ್ಲ ಅವತ್ತೇ. 2019ರ ಫೆಬ್ರವರಿಗೆ ಮುಂಚೆ ಮನೆಗೆ ಫೋನ್ ಮಾಡಲು ಕ್ರಿಸ್‌ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ ಮಾತ್ರ ಅವಕಾಶ ಇತ್ತಂತೆ. ಈಗ ವಾರಕ್ಕೊಮ್ಮೆ ಸಿಗುತ್ತದೆ. ಆ ಹೊತ್ತಲ್ಲಿ ಮುಂದಿನ ವಾರದ ಹಾಳೆ ಎಲ್ಲಿ ಅಂತ ನಾವು ಕೇಳುವುದು ಬೇಡ.